ಒಂಬತ್ತು ಪಿನ್ನಿನ ಸಾಕೆಟ್ಟು

2022ರ ಬೇಸಿಗೆ. ಬಸವೇಶ್ವರನಗರದಲ್ಲಿ ಒಂದು ಚಿಕ್ಕ ಟ್ರಸ್ಟ್ ನಡೆಸುತ್ತಿದ್ದ ಮಕ್ಕಳ ಶ್ರವಣ ಕೇಂದ್ರದಲ್ಲಿ ನಾನು ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಆಡಿಯಾಲಜಿಸ್ಟ್ ಎಂದರೆ ಕಿವಿಗೆ ಆಪರೇಷನ್ ಮಾಡುವವರೆಂದು ಹಲವರು ತಿಳಿಯುತ್ತಾರೆ. ನಮ್ಮ ಕೆಲಸ ಅದಲ್ಲ. ಯಾವ ಮಗುವಿಗೆ ಯಾವ ಸದ್ದು ಎಷ್ಟು ಕೇಳಿಸುತ್ತದೆಂದು ಅಳೆದು, ಅದಕ್ಕೆ ತಕ್ಕಂತೆ ಶ್ರವಣ ಸಾಧನವನ್ನು ಹೊಂದಿಸಿ ಕೊಡುವುದು ನಮ್ಮ ಕೆಲಸ. ಜನ ಅದನ್ನು ‘ಕಿವಿ ಮಿಷನ್’ ಎನ್ನುತ್ತಾರೆ.

ಕನ್ನಡಕವನ್ನಾದರೂ ಮೂಗಿನ ಮೇಲಿಟ್ಟು ನೋಡಬಹುದು. ಕಿವಿ ಮಿಷನ್ನು ಹಾಗಲ್ಲ. ಅದನ್ನು ಒಂದು ಸಣ್ಣ ಕೇಬಲ್ಲಿನಿಂದ ಪ್ರೋಗ್ರಾಮಿಂಗ್ ಬಾಕ್ಸ್ ಎಂಬ ಪೆಟ್ಟಿಗೆಗೆ ಸೇರಿಸಬೇಕು, ಆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸೇರಿಸಬೇಕು, ಆಮೇಲೆ ಮಗುವಿನ ಅಳತೆಗಳನ್ನು ಮಿಷನ್ನಿಗೆ ತುಂಬಬೇಕು. ಸದ್ದು ಕಡಿಮೆಯಾದರೆ ಹಾಕಿಯೂ ಪ್ರಯೋಜನವಿಲ್ಲ. ಹೆಚ್ಚಾದರೆ ಉಳಿದಿರುವ ಶ್ರವಣಶಕ್ತಿಯೂ ಹಾಳಾಗಬಹುದು. ಹಾಗಾಗಿ ಕಂಪ್ಯೂಟರ್ ಇಲ್ಲದೆ ನಾವು ಒಂದು ಮಿಷನ್ನನ್ನೂ ಕೊಡುವಂತಿರಲಿಲ್ಲ. ಇಡೀ ಕೇಂದ್ರಕ್ಕೆ ಅಂಥ ಕಂಪ್ಯೂಟರ್ ಇದ್ದದ್ದು ಒಂದೇ. ಹನ್ನೊಂದು ವರ್ಷದ ಹಳೆಯದು.

ಅದೊಂದು ಮಂಗಳವಾರ ಬೆಳಗ್ಗೆ ಸ್ವಿಚ್ ಒತ್ತಿದೆ. ಒಳಗೆ ‘ಚಟ್’ ಎಂದಿತು. ಸುಟ್ಟ ರಬ್ಬರಿನಂಥ ವಾಸನೆ ಕೋಣೆ ತುಂಬಿತು. ಮತ್ತೆ ಎಷ್ಟು ಒತ್ತಿದರೂ ಉಸಿರಿಲ್ಲ.

ಆ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಮಹಾದೇವಿ ಕೂತಿದ್ದಳು. ಯಾದಗಿರಿ ಕಡೆಯವಳು. ಗಂಡ ಡೆಲಿವರಿ ಕೆಲಸ ಮಾಡುತ್ತಿದ್ದ. ಹೆಗ್ಗನಹಳ್ಳಿಯಲ್ಲಿ ಒಂದು ಕೋಣೆಯ ಮನೆ. ಅವಳ ಮಗಳು ಭಾಗ್ಯಶ್ರೀಗೆ ಮೂರೂವರೆ ವರ್ಷ, ಎರಡೂ ಕಿವಿಯಲ್ಲಿ ತೀವ್ರ ಶ್ರವಣದೋಷ. ಮೂರು ವಾರದಲ್ಲಿ ನಾಲ್ಕು ಸಲ ಕೂರಿಸಿ, ಆಟವಾಡಿಸುತ್ತಲೇ ಅವಳ ಅಳತೆ ತೆಗೆದಿದ್ದೆ. ದಾನಿಯೊಬ್ಬರಿಂದ ಬಂದ ಎರಡು ಮಿಷನ್ನುಗಳು ಅವಳ ಹೆಸರು ಬರೆದ ಡಬ್ಬಿಯಲ್ಲಿ ಸಿದ್ಧವಾಗಿದ್ದವು. ಅಂದೇ ಹಾಕಬೇಕಿತ್ತು.

ಹೊರಗೆ ಬಂದು ವಿಷಯ ಹೇಳಿದೆ. ಮುಂದಿನ ವಾರ ಬರಲು ಆಗುತ್ತದೆಯೇ ಎಂದು ಕೇಳಿದೆ.

ಮಹಾದೇವಿ ತನ್ನ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಶನಿವಾರ ಸಂಜಿ ಗಾಡಿಗಿ ಊರಿಗಿ ಹೊಂಟೀವ್ರಿ ಮೇಡಂ. ಬಾಣಂತನಕ್ಕ. ಹೋದ್ರ ಐದು ತಿಂಗಳ ಇತ್ಲಾಗ ಬರಾಕ ಆಗಂಗಿಲ್ರಿ.” ಆಮೇಲೆ ಕೇಳಿದಳು: “ಅಕಿಗಿ ಐದು ತಿಂಗಳ ತಡಾ ಆದ್ರ ಏನಾಗ್ತದ್ರೀ?”

ನಿಜ ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಮಾತು ಕಲಿಯುವ ವಯಸ್ಸು ಯಾರಿಗಾಗಿಯೂ ನಿಲ್ಲುವುದಿಲ್ಲ. ಮೂರೂವರೆ ಆಗಲೇ ತಡ. ಅದರ ಮೇಲೆ ಇನ್ನೂ ಐದು ತಿಂಗಳೆಂದರೆ ಸಣ್ಣ ನಷ್ಟವಲ್ಲ. “ಶನಿವಾರದ ಒಳಗೆ ಏನಾದರೂ ಮಾಡ್ತೀನಿ” ಎಂದೆ. ಹೇಗೆಂದು ನನಗೆ ಗೊತ್ತಿರಲಿಲ್ಲ.

ಮೊದಲು ಬೇರೆ ಕೇಂದ್ರಗಳಿಗೆ ಫೋನ್ ಮಾಡಿದೆ. ಒಂದು ಕಡೆ ಮೂರು ವಾರ ಜಾಗವಿರಲಿಲ್ಲ. ಇನ್ನೊಂದು ಕಡೆ ನಮ್ಮ ಮಿಷನ್ನಿಗೆ ಹೊಂದುವ ಕೇಬಲ್ಲೇ ಇರಲಿಲ್ಲ. ಆಮೇಲೆ ಟ್ರಸ್ಟಿನ ಕಾರ್ಯದರ್ಶಿ ರಾಮಚಂದ್ರರಾಯರಿಗೆ ತಿಳಿಸಿದೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಕೇಂದ್ರದ ಮೇಲೆ ನಿಜವಾದ ಪ್ರೀತಿ, ಖರ್ಚಿನ ಮೇಲೆ ಅಷ್ಟೇ ಕಣ್ಣು.

“ಇಪ್ಪತ್ತೈದು ಸಾವಿರದ ಒಳಗೆ ಮುಗಿಸಿ ಸುಜಾತಮ್ಮ. ಅದಕ್ಕಿಂತ ಮೇಲೆ ಹೋದ್ರೆ ಕಮಿಟಿ ಕರೀಬೇಕು. ಕಮಿಟಿ ಅಂದ್ರೆ ತಿಂಗಳು” ಎಂದರು. “ಆಮೇಲೆ ಡಾಟಾ ಎಲ್ಲ ಬ್ಯಾಕಪ್ ಇದೆ ತಾನೆ?”

ಪ್ರತಿ ತಿಂಗಳೂ ಬ್ಯಾಕಪ್ ತೆಗೆಯುವುದು, ಅಂದರೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವುದು, ನನ್ನದೇ ಜವಾಬ್ದಾರಿ. ಲಾಕ್‌ಡೌನಿನಲ್ಲಿ ನಿಂತದ್ದು ಮತ್ತೆ ಶುರುವಾಗಿರಲಿಲ್ಲ. ಎರಡು ವರ್ಷದಿಂದ ನಕಲೇ ಇಲ್ಲ. ಆರುನೂರಕ್ಕೂ ಹೆಚ್ಚು ಮಕ್ಕಳ ಅಳತೆಗಳು ಆ ಸತ್ತ ಕಂಪ್ಯೂಟರಿನಲ್ಲಿದ್ದವು. ಭಾಗ್ಯಶ್ರೀಯವೂ ಅಲ್ಲೇ. ಪ್ರಿಂಟರಿನ ಟೋನರ್ ಖಾಲಿಯಾಗಿದ್ದರಿಂದ ಅವಳದನ್ನು ಕಾಗದದ ಮೇಲೂ ಇಳಿಸಿರಲಿಲ್ಲ.

“ಇಲ್ಲ ಸಾರ್. ನನ್ನ ತಪ್ಪು” ಎಂದೆ. “ಮೊದ್ಲು ಆ ಡಿಸ್ಕ್ ಉಳಿಯುತ್ತಾ ಕೇಳಿ” ಎಂದರು ರಾಯರು.

ಮಧ್ಯಾಹ್ನ ಸತ್ತ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ವಿಜಯನಗರದ ಪಕ್ಕದ ಮಾರೇನಹಳ್ಳಿಗೆ ಹೋದೆ. ಅಲ್ಲಿ ಲೋಕೇಶ್ ಎಂಬುವರ ಅಂಗಡಿ. ಐವತ್ತರ ಆಸುಪಾಸಿನವರು, ಅದೇ ಹಳೇ ಊರಿನ ಒಕ್ಕಲು ಮನೆತನ. ತಾತ ಹೂವು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಮೂರಂತಸ್ತಿನ ಕಟ್ಟಡ. ಮೇಲೆ ಬಾಡಿಗೆ ಮನೆಗಳು, ಕೆಳಗೆ ಕಂಪ್ಯೂಟರ್ ರಿಪೇರಿ. ಬಾಡಿಗೆಯಲ್ಲೇ ಕೂತು ತಿನ್ನಬಹುದಾಗಿದ್ದ ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಿದ್ದರು.

ಮುಚ್ಚಳ ತೆಗೆದು ಮೂಸಿ ನೋಡಿದರು. “ಎಸ್‌ಎಂಪಿಎಸ್ ಹೋಗಿದೆ ಮೇಡಂ. ಒಳಗಡೆಗೆ ಕರೆಂಟ್ ಕೊಡುತ್ತಲ್ಲ, ಆ ಡಬ್ಬ. ಅದೊಂದೇ ಆಗಿದ್ರೆ ಈಗ್ಲೇ ಹಾಕ್ಕೊಡ್ತಿದ್ದೆ. ಹೋಗ್ತಾ ಹೋಗ್ತಾ ಮದರ್‌ಬೋರ್ಡನ್ನೂ ಕರ್ಕೊಂಡು ಹೋಗಿದೆ.”

“ಹಾರ್ಡ್ ಡಿಸ್ಕು?”

“ಅದನ್ನ ಈಗ್ಲೇ ಹೇಳಕ್ಕಾಗಲ್ಲ. ಬಿಟ್ಟೋಗಿ, ನಾಳೆ ನೋಡಿ ಹೇಳ್ತೀನಿ.”

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬುಧವಾರ ಬೆಳಗ್ಗೆ ಹತ್ತೂವರೆಗೆ ಫೋನ್ ಬಂತು. “ಮೇಡಂ, ಡಿಸ್ಕ್ ಜೀವಂತ ಇದೆ. ನಿಮ್ಮ ಫೋಲ್ಡರ್ ಎಲ್ಲ ಕಾಣಿಸ್ತಾ ಇದೆ. ಎರಡು ಕಾಪಿ ತೆಗೆದಿಟ್ಟಿದೀನಿ.” ಒಬ್ಬಳೇ ಇದ್ದೆ, ಜೋರಾಗಿಯೇ ‘ಅಬ್ಬಾ’ ಎಂದೆ.

ಆ ಖುಷಿಯಲ್ಲೇ ರಾಜಾಜಿನಗರದ ಒಂದು ಷೋರೂಮಿಗೆ ಹೊರಟೆ. ಇಪ್ಪತ್ತನಾಲ್ಕು ಸಾವಿರದ ಒಳಗೆ ತೆಳ್ಳಗಿನ ಹೊಸ ಕಂಪ್ಯೂಟರ್ ಸಿಗುತ್ತಿತ್ತು. ಬಿಲ್ ಹಾಕಿಸುವ ಮುನ್ನ, ಡಾಟಾ ತುಂಬಲು ಯಾವಾಗ ತರಲಿ ಎಂದು ಕೇಳಲು ಲೋಕೇಶ್ ಅವರಿಗೆ ಫೋನ್ ಮಾಡಿದೆ. ಅವರು ಒಂದು ಪ್ರಶ್ನೆ ಕೇಳಿದರು.

“ನಿಮ್ಮ ಪೆಟ್ಟಿಗೆ ವೈರು ಕಂಪ್ಯೂಟರಿಗೆ ಎಲ್ಲಿ ಚುಚ್ತೀರ ಮೇಡಂ? ಯುಎಸ್‌ಬಿ ತಾನೆ?”

ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಯಾರೋ ಚುಚ್ಚಿ ಹೋಗಿದ್ದರು. ಬಿಲ್ ಹಾಕುತ್ತಿದ್ದವನಿಗೆ ಸ್ವಲ್ಪ ತಾಳಿ ಎಂದು ಹೇಳಿ ಕೇಂದ್ರಕ್ಕೆ ವಾಪಸ್ಸು ಬಂದೆ. ವೈರಿನ ತುದಿಯ ಫೋಟೋ ತೆಗೆದು ಕಳಿಸಿದೆ. ಅಗಲವಾದ ತುದಿ, ಎರಡು ಸಾಲಿನಲ್ಲಿ ಒಂಬತ್ತು ರಂಧ್ರ.

“ಸೀರಿಯಲ್ ಪೋರ್ಟು” ಎಂದರು ಲೋಕೇಶ್. “ಈಗಿನ ತೆಳ್ಳನೆ ಪೀಸುಗಳಲ್ಲಿ ಇದು ಬರಲ್ಲ. ತಗೊಂಡಿದ್ರೆ ಡೆಕೊರೇಷನ್‌ಗೆ ಇಟ್ಕೋಬೇಕಿತ್ತು.”

ಯುಎಸ್‌ಬಿಯ ಹೊಸ ಪ್ರೋಗ್ರಾಮಿಂಗ್ ಬಾಕ್ಸಿನ ಬೆಲೆ ಕೇಳಿದೆ. ಅದೊಂದಕ್ಕೇ ನಮ್ಮ ಮಿತಿಗಿಂತ ಹೆಚ್ಚಾಗುತ್ತಿತ್ತು, ಬರುವುದಕ್ಕೂ ಹದಿನೈದು ದಿನ. ಗುರುವಾರ ಲೋಕೇಶ್ ಕೇಂದ್ರಕ್ಕೆ ಒಂದು ಕನ್ವರ್ಟರ್ ತಂದರು. ಒಂದು ಕಡೆ ಒಂಬತ್ತು ಪಿನ್ನು, ಇನ್ನೊಂದು ಕಡೆ ಯುಎಸ್‌ಬಿ ಇರುವ ತುಂಡು ವೈರು ಅದು. ಹಳೆಯ ಸಾಫ್ಟ್‌ವೇರನ್ನು ನನ್ನ ಮನೆಯ ಲ್ಯಾಪ್‌ಟಾಪಿಗೆ ಹಾಕಿ ಮಧ್ಯಾಹ್ನವೆಲ್ಲ ಪ್ರಯತ್ನಿಸಿದೆವು. ಪೆಟ್ಟಿಗೆಯ ಹಸಿರು ದೀಪ ಹತ್ತುತ್ತಿತ್ತು. ಸಾಫ್ಟ್‌ವೇರ್ ಮಾತ್ರ ‘ಸಾಧನ ಕಂಡುಬಂದಿಲ್ಲ’ ಎನ್ನುತ್ತಿತ್ತು. ಏಳು ಸಲ. ಸಂಜೆ ಐದಕ್ಕೆ ಮಹಾದೇವಿಯ ಗಂಡನಿಂದ ಫೋನ್ ಬಂತು. ಶನಿವಾರ ಬೆಳಗ್ಗೆ ಬರಬೇಕೋ ಬೇಡವೋ ಎಂದು ಕೇಳಿದ. “ಬನ್ನಿ” ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ.

ಲೋಕೇಶ್ ನನ್ನ ಮುಖ ನೋಡಿದರು. “ಯಾರು ಮೇಡಂ ಅದು?”

ಹೇಳಿದೆ. ಅಲ್ಲಿಯವರೆಗೆ ಅವರಿಗೆ ಇದೊಂದು ಆಫೀಸ್ ಕಂಪ್ಯೂಟರ್ ಅಷ್ಟೇ ಆಗಿತ್ತು. ಅವರು ಕನ್ವರ್ಟರನ್ನು ಜೇಬಿಗೆ ಹಾಕಿಕೊಂಡು ಎದ್ದರು. “ಇದನ್ನ ಮೊದ್ಲೇ ಹೇಳೋದಲ್ವಾ? ದೊಡ್ಡ ಕಂಪನಿಯವ್ರು ನಾಲ್ಕೈದು ವರ್ಷ ಓಡಿಸಿ ಲಾಟಲ್ಲಿ ಮಾರಿಬಿಡ್ತಾರೆ. ಆ ಪೀಸುಗಳಲ್ಲಿ ಕೆಲವಕ್ಕೆ ಹಿಂದುಗಡೆ ಈ ಸಾಕೆಟ್ ಇರುತ್ತೆ. ನಂದಿನಿ ಲೇಔಟಲ್ಲಿ ನಮ್ಮವನೊಬ್ಬನ ಗೋಡೌನ್ ಇದೆ. ಹೋಗಿ ನೋಡ್ಕೊಂಡು ಬರ್ತೀನಿ.”

ಶುಕ್ರವಾರ ಬೆಳಗ್ಗೆ ಅಂಗಡಿಗೆ ಹೋದಾಗ ಮೇಜಿನ ಮೇಲೆ ಕಪ್ಪು ಬಣ್ಣದ ಕಂಪ್ಯೂಟರ್ ಒಂದಿತ್ತು. ಒಂದು ಮೂಲೆಯಲ್ಲಿ ಸ್ವಲ್ಪ ಗೀರು ಬಿದ್ದಿತ್ತು. ಲೋಕೇಶ್ ಅದನ್ನು ತಿರುಗಿಸಿ, ಹಿಂಬದಿಯನ್ನು ಬೆರಳಿನಿಂದ ತೋರಿಸಿದರು. ಒಂಬತ್ತು ಪಿನ್ನು. ಹೊಸ ಡಿಸ್ಕ್ ಹಾಕಿ, ಒಂದು ವರ್ಷದ ವಾರಂಟಿಯೊಂದಿಗೆ ಹದಿಮೂರು ಸಾವಿರದ ಎಂಟುನೂರು. ಹಳೆಯ ಮಾನಿಟರ್ ಚೆನ್ನಾಗಿಯೇ ಇತ್ತು.

ಅಲ್ಲಿಂದಲೇ ಫೋನ್ ಮಾಡಿದೆ. ರಾಯರು ಒಪ್ಪಲಿಲ್ಲ. “ಸೆಕೆಂಡ್ ಹ್ಯಾಂಡಾ? ನಾಳೆ ಇದೂ ಕೈಕೊಟ್ರೆ ಕಮಿಟೀಲಿ ನಾನೇನಮ್ಮ ಉತ್ತರ ಕೊಡ್ಲಿ?”

“ಹೊಸದು ನಮ್ಮ ಕೆಲಸಕ್ಕೆ ಬರಲ್ಲ ಸಾರ್. ಇದು ಬರುತ್ತೆ. ಬೇಕಾದ್ರೆ ಬರೆದು ಕೊಡ್ತೀನಿ, ಕೆಟ್ಟರೆ ಜವಾಬ್ದಾರಿ ನನ್ನದು ಅಂತ.”

ರಾಯರು ಫೋನ್ ಇಟ್ಟುಬಿಟ್ಟರು. ಮುಗಿಯಿತೆಂದುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಅವರೇ ಸ್ಕೂಟರಿನಲ್ಲಿ ಮಾರೇನಹಳ್ಳಿಗೆ ಬಂದಿಳಿದರು. ಕನ್ನಡಕ ಏರಿಸಿ ಯಂತ್ರವನ್ನು ಸುತ್ತಲೂ ನೋಡಿದರು, ವಾರಂಟಿಯ ಕಾಗದವನ್ನು ಎರಡು ಸಲ ಓದಿದರು, ವೈರನ್ನು ತಾವೇ ಚುಚ್ಚಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, “ಬರೆದು ಕೊಡೋದೆಲ್ಲ ಬೇಡ. ಉಳಿದ ದುಡ್ಡಲ್ಲಿ ಬ್ಯಾಕಪ್‌ಗೆ ಒಂದು ಡಿಸ್ಕು, ಯುಪಿಎಸ್‌ಗೆ ಬ್ಯಾಟರಿ ತಗೊಳ್ಳಿ. ಅದು ಮಾತ್ರ ತಪ್ಪಬಾರದು” ಎಂದರು. ಚೆಕ್ ಬರೆದರು.

ಹಳೆಯ ಸಾಫ್ಟ್‌ವೇರಿನ ಸಿ.ಡಿ. ಗುರುವಾರವೇ ನಮ್ಮ ಬೀರುವಿನಲ್ಲಿ, ಹಳೇ ರಿಜಿಸ್ಟರುಗಳ ಅಡಿಯಲ್ಲಿ ಸಿಕ್ಕಿತ್ತು. ಅದರ ಕವರಿನ ಮೇಲೆ ಲೈಸೆನ್ಸ್ ನಂಬರನ್ನು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು. ಅಕ್ಷರ ನನ್ನದೇ ಎಂದು ಆಮೇಲೆ ಗೊತ್ತಾಯಿತು. ಲೋಕೇಶ್ ಸಂಜೆಯವರೆಗೆ ಕೇಂದ್ರದಲ್ಲೇ ಕೂತು ಎಲ್ಲವನ್ನೂ ಜೋಡಿಸಿದರು. “ಹಳೇ ಸಾಫ್ಟ್‌ವೇರು, ಅದಕ್ಕೆ ಹಳೇ ವಿಂಡೋಸೇ ಹಾಕಿದೀನಿ. ಇದಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ, ವೈರಸ್ ಬರುತ್ತೆ. ಕಿವಿ ಕೆಲಸ ಬಿಟ್ಟು ಬೇರೇನೂ ಬೇಡ” ಎಂದರು. ಆರು ಗಂಟೆಗೆ ಪೆಟ್ಟಿಗೆಯನ್ನು ಚುಚ್ಚಿ ಸಾಫ್ಟ್‌ವೇರ್ ತೆರೆದೆ. ಪರದೆಯ ಮೂಲೆಯಲ್ಲಿ ‘ಸಾಧನ ಸಿದ್ಧ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳು ಬಂದವು. ಹೆಸರುಗಳ ಪಟ್ಟಿ ಇಳಿಸುತ್ತಾ ಹೋದೆ. ಭಾಗ್ಯಶ್ರೀ ಇದ್ದಳು. ನಾಲ್ಕೂ ದಿನದ ಅಳತೆಗಳು, ಒಂದೂ ಬಿಡದೆ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಗಂಡ ಹೆಂಡತಿ ಬ್ಯಾಗುಗಳ ಸಮೇತ ಬಂದರು. ಎರಡೂ ಮಿಷನ್ನುಗಳಿಗೆ ಅಳತೆ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಕಿವಿಗೆ ಹಾಕಿ ಮೆಲ್ಲಗೆ ಚಾಲೂ ಮಾಡಿದಾಗ ಭಾಗ್ಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಮಕ್ಕಳು ಹೀಗೇ, ಮೊದಲ ಸದ್ದಿಗೆ ಬಹಳ ಮಕ್ಕಳು ಬೆದರುತ್ತಾರೆ. ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ, ಸುಮ್ಮನಾಗಿ, ಕೆಳಗಿಳಿದಳು. ಎರಡು ಹೆಜ್ಜೆ ಇಟ್ಟು ನಿಂತಳು. ತನ್ನ ಚಪ್ಪಲಿಯನ್ನು ನೋಡಿಕೊಂಡಳು. ಒಂದು ಕಾಲನ್ನು ನೆಲಕ್ಕೆ ಬಡಿದಳು. ಮತ್ತೆ ಬಡಿದಳು. ಆಮೇಲೆ ಕೋಣೆಯ ಉದ್ದಕ್ಕೂ ದಪ್ ದಪ್ ಎಂದು ನಡೆಯತೊಡಗಿದಳು. ಯಾರು ಕರೆದರೂ ನಿಲ್ಲಲಿಲ್ಲ.

“ತನ್ನ ಕಾಲಿನ ಸಪ್ಪಳ ತಾನೇ ಕೇಳಾಕತ್ತಾಳ್ರೀ” ಎಂದಳು ಮಹಾದೇವಿ. ಅವಳ ಗಂಡ ಗೋಡೆಯ ಕಡೆ ತಿರುಗಿ ನಿಂತಿದ್ದ. ನಾನು ಬ್ಯಾಟರಿ ಬದಲಿಸುವುದು, ಮಿಷನ್ ಒರೆಸುವುದು, ದಿನಕ್ಕೆ ಎಷ್ಟು ಹೊತ್ತು ಹಾಕಬೇಕೆಂಬುದನ್ನು ವಿವರಿಸಿ, ಒಂದು ಹಾಳೆಯಲ್ಲೂ ಬರೆದುಕೊಟ್ಟೆ. ಸಂಜೆಯ ಗಾಡಿಗೆ ಅವರು ಊರಿಗೆ ಹೋದರು. ನಾನು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿದೆ.

ಆ ಕಪ್ಪು ಕಂಪ್ಯೂಟರ್ ನಾನು ನಿವೃತ್ತಳಾಗುವವರೆಗೂ ಒಂದು ದಿನವೂ ಕೈಕೊಡಲಿಲ್ಲ. ಬ್ಯಾಕಪ್ ತಿಂಗಳಿಗೊಮ್ಮೆ ಅಲ್ಲ, ಪ್ರತಿ ಶುಕ್ರವಾರ ತೆಗೆಯತೊಡಗಿದೆ. ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಚೀಟಿ ಬರೆದು ಅಂಟಿಸಿದೆ.

ಆ ಐದು ದಿನಗಳಿಂದ ನಾನು ಕಲಿತದ್ದು ಸರಳ. ಆಫೀಸಿನಲ್ಲಿ ಏನಾದರೂ ಕೆಟ್ಟಾಗ ನಾವು ಬೆಲೆ ಕೇಳುತ್ತೇವೆ, ಮಾದರಿ ಕೇಳುತ್ತೇವೆ, ಮಂಜೂರಾತಿ ಕೇಳುತ್ತೇವೆ. ರಿಪೇರಿಯವರಿಗೆ ಯಂತ್ರದ ಕಾಯಿಲೆಯನ್ನಷ್ಟೇ ಹೇಳುತ್ತೇವೆ; ಅದು ನಿಂತಿದ್ದರಿಂದ ಯಾರು ಬೆಂಚಿನ ಮೇಲೆ ಕಾಯುತ್ತಿದ್ದಾರೆಂದು ಹೇಳುವುದಿಲ್ಲ. ನಾನು ಮಂಗಳವಾರವೇ ಲೋಕೇಶ್ ಅವರಿಗೆ ಆ ಮಗುವಿನ ವಿಷಯ ಹೇಳಿದ್ದರೆ, ವೈರಿನ ಫೋಟೋ ನೋಡಿದ ಬುಧವಾರವೇ ಅವರು ಗೋಡೌನಿಗೆ ಹೋಗುತ್ತಿದ್ದರು. ನನ್ನ ಜಾಗಕ್ಕೆ ಬಂದ ಹೊಸ ಆಡಿಯಾಲಜಿಸ್ಟಿಗೆ ಕೀಲಿಕೈ ಒಪ್ಪಿಸುವಾಗ ಇದೊಂದನ್ನು ಹೇಳಿಯೇ ಬಂದೆ: ಸಹಾಯ ಕೇಳುವಾಗ ಕೆಟ್ಟ ಯಂತ್ರದ ಹೆಸರಿನ ಜೊತೆಗೆ, ಕಾಯುತ್ತಿರುವವರ ಹೆಸರನ್ನೂ ಹೇಳಿ.