ಯುಗಾದಿ ಊಟಕ್ಕೆ ಬಂದ ಸಲಹೆಗಾರ

ಕತಾರಿಗೆ ಬಂದ ಮೇಲೆ ನಮ್ಮವರಿಗೆಲ್ಲ ಒಂದು ಚಾಳಿ ಅಂಟಿಕೊಳ್ಳುತ್ತದೆ. ಮಾಲ್‌ನಲ್ಲಿ ಯಾರಾದರೂ ಕನ್ನಡದಲ್ಲಿ ಸೀನಿದರೂ ಸಾಕು, ಹಿಡಿದು ಊಟಕ್ಕೆ ಕರೆಯುತ್ತೇವೆ. ಅದೇ ಚಾಳಿಯಿಂದ ಈ ಯುಗಾದಿಗೆ ಅಲ್ ವುಕೈರ್‌ನ ನಮ್ಮ ಫ್ಲಾಟಿನಲ್ಲಿ ಇಬ್ಬರನ್ನು ಅಕ್ಕಪಕ್ಕ ಕೂರಿಸಿದೆ. ಒಬ್ಬಳು ಪಕ್ಕದ ಮನೆಯ ನರ್ಸ್, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನವಳು. ಇನ್ನೊಬ್ಬ ನನ್ನ ಗಂಡನ ಆಫೀಸಿಗೆ ಸೆಕ್ಯುರಿಟಿ ಕನ್ಸಲ್ಟೆಂಟ್ ಆಗಿ ಬಂದಿದ್ದ, ಎಪ್ಪತ್ತರ ಆಸುಪಾಸಿನ ಅಮೆರಿಕನ್. ಇಬ್ಬರಿಗೂ ಸ್ಪ್ಯಾನಿಷ್ ಬರುತ್ತದೆ, ಇನ್ನೇನು ಬೇಕು?

"ನೀನು ಸುಮ್ನಿರೇ, ಇಬ್ರೂ ಬಾಯ್ತುಂಬ ಮಾತಾಡ್ಕೊಳ್ಳಲಿ," ಎನ್ನುತ್ತ ನನ್ನ ಗಂಡ ಹೋಳಿಗೆಗೆ ತುಪ್ಪ ಬಡಿಸಿದರು.

ಸ್ವಲ್ಪ ಹೊತ್ತು ನಗುನಗುತ್ತಲೇ ಮಾತಾಡಿಕೊಂಡರು. ಆಮೇಲೆ ಅವಳು ಥಟ್ಟನೆ ಇಂಗ್ಲಿಷಿಗೆ ತಿರುಗಿದಳು.

"ನಿಮ್ಮ ಜೊತೆ ಇನ್ನು ನಾನು ನನ್ನ ಭಾಷೆ ಆಡೋದಿಲ್ಲ."

ನಮಗೆ ವಿಷಯ ತಿಳಿದದ್ದು ಆಗಲೇ. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ಆತ ಮಿಲಿಟರಿ ಸಲಹೆಗಾರನಾಗಿ ಹೋಗಿದ್ದ. ಸೈನಿಕರಿಗೆ ತರಬೇತಿ ಕೊಟ್ಟದ್ದು ಅವಳ ಊರಿನ ಶಿಬಿರದಲ್ಲಿ. ಶಾಲೆಯಲ್ಲಿ ಮೇಷ್ಟರಾಗಿದ್ದ ಅವಳ ಅಪ್ಪನನ್ನು ಹಿಡಿದುಕೊಂಡು ಹೋದದ್ದೂ ಅದೇ ಶಿಬಿರಕ್ಕೆ. ಆಗ ಅವಳಿನ್ನೂ ಮಗು. ಅಪ್ಪ ಮರಳಿ ಬರಲೇ ಇಲ್ಲ; ಗಂಡ ಬಂದಾರೆಂದು ಅವಳ ತಾಯಿ ಇಂದಿಗೂ ಕದಕ್ಕೆ ಅಗುಳಿ ಹಾಕದೆ ಮಲಗುತ್ತಾಳೆ.

"ಹಿಡಿದು ತಂದವರನ್ನ ಎಲ್ಲಿ ಹಾಕ್ತಿದ್ರು?" ಎಂದು ಕೇಳಿದಳು.

"ನಾನು ಬರೀ ತರಬೇತಿ ಕೊಟ್ಟವನು," ಎಂದ.

ನನಗೆ ಮೈಯೆಲ್ಲ ಉರಿಯಿತು. ಹೋಳಿಗೆ ಮುರಿಯುತ್ತ ಆಡುವ ಮಾತೇ ಅದು? ಅವಳು ಮಾತ್ರ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಆತ ತಟ್ಟೆ ಸರಿಸಿದ.

"ಹಿಂದುಗಡೆ ಒಂದು ಬಾವಿ ಇತ್ತು. ವಾಸನೆ ಬರ್ತಿತ್ತು. ಕಾಯಿಲೆ ಹರಡುತ್ತೆ, ಮುಚ್ಚಿಸಿಬಿಡಿ ಅಂತ ಸಲಹೆ ಕೊಟ್ಟೋನು ನಾನೇ."

ನನ್ನ ಗಂಡ ಬಡಿಸುವುದನ್ನು ನಿಲ್ಲಿಸಿದರು. ಅವಳು ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ, ಎಡಗೈಯಲ್ಲಿ ಫೋನ್ ತೆಗೆದು ತಾಯಿಗೆ ಫೋನ್ ಮಾಡಿದಳು. ಅಲ್ಲಿ ಬೆಳಗಿನ ಜಾವ, ಮುದುಕಿ ಎದ್ದೇ ಇದ್ದಳು. ಇವಳು ತಮ್ಮ ಭಾಷೆಯಲ್ಲಿ ನಿಧಾನವಾಗಿ ಎಲ್ಲ ಹೇಳಿದಳು. ಆ ಕಡೆಯಿಂದ ತಾಯಿ ಏನೋ ಕೇಳಿದಂತಾಯಿತು. ಇವಳು ಫೋನನ್ನು ಎದೆಗೊತ್ತಿಕೊಂಡು ಆತನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಅಪ್ಪ ಅಲ್ಲಿ ಒಬ್ಬರೇ ಇದ್ದಾರಾ ಅಂತ ಅಮ್ಮ ಕೇಳ್ತಿದ್ದಾರೆ."

ಆತ ತಲೆ ತಗ್ಗಿಸಿಕೊಂಡೇ ಇಲ್ಲವೆಂದು ಅಲ್ಲಾಡಿಸಿದ. ಅವಳು ಅದನ್ನೂ ತಾಯಿಗೆ ತಿಳಿಸಿ ಫೋನ್ ಇಟ್ಟಳು.

ಅಮ್ಮ ಏನೆಂದರು ಎಂದು ಕೇಳುವ ಧೈರ್ಯ ನನಗೆ ಬಂದದ್ದು ಆತ ಹೋಗಿ ಅವಳೊಬ್ಬಳೇ ಉಳಿದ ಮೇಲೆ.

"ಸದ್ಯ, ಜೊತೆಗೆ ಜನ ಇದ್ದಾರಲ್ಲ," ಎಂದರಂತೆ.