ಬಾನಿಯಲ್ಲಿ ನೀರಿರಲಿಲ್ಲ

ಆ ಜಿಂಕೆ ಬಾವಿಗೆ ಬಿದ್ದದ್ದು ನನ್ನಿಂದ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಮೊಬೈಲಿನಲ್ಲಿ ಯಾರೋ ಜಿಂಕೆಗೆ ಬಾಟಲಿಯಿಂದ ನೀರು ಕುಡಿಸುವ ವಿಡಿಯೊ ನೋಡಿದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗಿನ ಬರಗಾಲದಲ್ಲಿ ನಮ್ಮೂರು ಸಂತಪುರಕ್ಕೆ ನೀರಿನ ಟ್ಯಾಂಕರ್ ಬರುತ್ತಿತ್ತು. ಅಪ್ಪ, ಅವ್ವ ದುಡಿಯಲು ಪುಣೆಗೆ ಹೋಗಿದ್ದರು. ನಾನು ಶಾಲೆ ಬಿಟ್ಟು ಅಜ್ಜಿಯ ಜೊತೆ ಸಾಲಿನಲ್ಲಿ ನಿಂತು ನೀರು ಹೊರುತ್ತಿದ್ದೆ. ಮೊದಲ ಕೊಡವನ್ನು ಹೊಲದ ಕಲ್ಲುಬಾನಿಗೆ ಸುರಿಯಬೇಕು, ಅದು ಅಜ್ಜಿಯ ಕಟ್ಟಳೆ.

“ಜಿಂಕಿಗಿ ಪಾಳಿ ಹಚ್ಚಲಿಕ್ಕಿ ಬರ್ತದೇನ? ಮೊದಲ ಅವಕ್ಕ ಹಾಕು.”

ಒಂದು ದಿನ ಕೆಂಡದಂಥ ಬಿಸಿಲು. ದಾರಿಯಲ್ಲೇ ಕೊಡ ಇಳಿಸಿ, ಅಷ್ಟೂ ನೀರನ್ನು ನನ್ನ ತಲೆಗೆ ಸುರಿದುಕೊಂಡೆ.

“ಹಾಕಿದೇನ?”

“ಹಾಕೀನಿ ಅಜ್ಜಿ.”

ಮರುದಿನ ಬಾನಿಯ ಪಕ್ಕದ ಒಣಬಾವಿಯ ತಳದಲ್ಲಿ, ನೀರು ಹುಡುಕಿ ಬಂದ ಜಿಂಕೆ ಸತ್ತು ಬಿದ್ದಿತ್ತು.

“ಒಂದ ಕೊಡ ಸಾಲಲಿಲ್ಲ ನೋಡು. ತಪ್ಪು ನಂದೇ” ಎಂದಳು ಅಜ್ಜಿ. ಅಂದಿನಿಂದ ನೋಯುವ ಮೊಣಕಾಲಲ್ಲೇ ಬಾನಿಗೆ ಎರಡನೆಯ ಕೊಡವನ್ನೂ ತಾನೇ ಹೊತ್ತಳು.

ಇವತ್ತು ಹೇಳಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ನಾಳಿಗಿ ಹೊಂಟಿದಿ ಅಂತ ಇವತ್ತ ಹೇಳಿದೇನವಾ?”

ಹೌದು ಎಂದೆ. ಅಜ್ಜಿ ಮತ್ತೆ ರೊಟ್ಟಿ ಬಡಿಯತೊಡಗಿದಳು, ನನ್ನ ಕಡೆ ನೋಡಲಿಲ್ಲ.

ನಾಳೆ ಬೆಳಿಗ್ಗೆ ನಾನೂ ದುಡಿಯಲು ಪುಣೆಗೆ ಹೋಗುತ್ತಿದ್ದೇನೆ.