ಸಣ್ಣ ಇಂಜಿನ್, ದೊಡ್ಡ ಟ್ಯಾಂಕ್

ಸವಿತಾ, ನಾಗೇಂದ್ರ, ನಿಮ್ಮ ತಾತನ ಪಂಕ್ಚರ್ ಅಂಗಡಿಯ ಬಗ್ಗೆ ನೀವು ಎಷ್ಟೋ ಸಲ ಕೇಳಿದ್ದೀರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅದು ಐವತ್ತೇಳನೇ ಇಸವಿ. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಸ್ವಲ್ಪ ಮೊದಲು ನಮ್ಮ ಅಂಗಡಿ ಇತ್ತು. ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಕರೆಂಟಿನ ಕಂಬಗಳು ಊರ ಕಡೆಯಿಂದ ಬರುತ್ತಾ ಬರುತ್ತಾ ನಮಗಿಂತ ಬಹಳ ಹಿಂದೆಯೇ ನಿಂತುಬಿಟ್ಟಿದ್ದವು. ಲಾರಿ ಟಯರಿಗೂ ಕೈಪಂಪಿನಲ್ಲೇ ಗಾಳಿ ಹೊಡೆಯಬೇಕಿತ್ತು.

ಅದರ ಹಿಂದಿನ ವರ್ಷ ಒಂದು ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಕಬ್ಬಿಣದ ರಿಂಗು ಹಾರಿ ನಿಮ್ಮ ತಾತನ ಬಲಭುಜಕ್ಕೆ ಬಡಿದಿತ್ತು. ಗಾಯ ಮಾಗಿತು. ತೋಳು ಮಾತ್ರ ಮೊದಲಿನಂತಾಗಲಿಲ್ಲ. ಕೂತು ಮಾಡುವ ಕೆಲಸವೆಲ್ಲ ಆಗುತ್ತಿತ್ತು. ತೋಳು ಬೀಸಿ ಎಳೆಯುವುದು, ಎತ್ತುವುದು ಆಗುತ್ತಿರಲಿಲ್ಲ. ಪಂಪು ಹೊಡೆಯುವಾಗ ಎಡಗೈ ದುಡಿಯುತ್ತಿತ್ತು, ಬಲಗೈ ಹಿಡಿಯ ಮೇಲೆ ಸುಮ್ಮನೆ ಕೂತಿರುತ್ತಿತ್ತು. ನೋಡಿದವರಿಗೆ ಎರಡೂ ಕೈ ಆಡಿದಂತೆ ಕಾಣಬೇಕು, ಅಷ್ಟೆ. ಸಂಜೆ ನಾನು ಬಿಸಿ ಎಣ್ಣೆ ತಿಕ್ಕುವಾಗ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು, "ಯಾರಿಗೂ ಹೇಳ್ಬೇಡ ಕಣೆ. ಅಮ್ಮಂಗೂ ಹೇಳ್ಬೇಡ. ಕೈಲಾಗದವನ ಅಂಗಡಿ ಮುಂದೆ ಯಾವ ಲಾರಿ ನಿಲ್ಲುತ್ತೆ?"

ಎಡಗೈಯೂ ಸೋಲತೊಡಗಿದಾಗ, ಪೆಟ್ರೋಲಿನಲ್ಲಿ ಓಡುವ ಗಾಳಿ ಕಂಪ್ರೆಸರ್ ಕೊಳ್ಳಲೇಬೇಕು ಎಂದು ತೀರ್ಮಾನವಾಯಿತು. ಕಲಾಸಿಪಾಳ್ಯದ ಹತ್ತಿರ ಹಳೇ ಯಂತ್ರಗಳನ್ನು ರಿಪೇರಿ ಮಾಡಿ ಮಾರುವ ಒಬ್ಬ ಸಾಹೇಬರಿದ್ದರು. ಹೊರಡುವಾಗ ಅತ್ತೆ ನನ್ನ ಕೈಗೆ ಅರಿಶಿನ ಕುಂಕುಮದ ಪೊಟ್ಟಣ ಕೊಟ್ಟು, "ನೀನೂ ಹೋಗು. ಬರಿ ಹಣೇಲಿ ಯಂತ್ರ ಮನೆಗೆ ಬರಬಾರದು. ಅಲ್ಲೇ ಕುಂಕುಮ ಇಟ್ಟು ತನ್ನಿ. ಬಾಯಂತೂ ಬಿಡಲ್ಲ, ಕೈಯಾದರೂ ಆಡ್ಸು" ಎಂದರು. ಪರಗಂಡಸರ ಎದುರು ನಾನು ಬಾಯಿ ಬಿಟ್ಟಿದ್ದನ್ನು ಅವರು ನೋಡೇ ಇರಲಿಲ್ಲ.

ಸಾಹೇಬರ ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ನಾನು ಸೆರಗು ಹೊದ್ದು ಬಾಗಿಲ ಪಕ್ಕ ನಿಂತೆ. ಸಾಹೇಬರು ದೊಡ್ಡದೊಂದು ಕಂಪ್ರೆಸರಿನ ಬೆನ್ನು ತಟ್ಟಿ, "ಇದು ಆನೆ ಸ್ವಾಮಿ, ಆನೆ! ಲಾರಿ ಟಯರು ನೀವು ಬೀಡಿ ಸೇದೋದ್ರೊಳಗೆ ತುಂಬ್ತದೆ" ಎಂದರು. ನಿಮ್ಮ ತಾತನ ಕಣ್ಣು ಅದರ ಮೇಲೆಯೇ ನೆಟ್ಟಿತು. ಅಂಥದ್ದೊಂದು ಅಂಗಡಿಯಲ್ಲಿದ್ದರೆ ತಮ್ಮ ಕೈಯ ಕಡೆ ಯಾರೂ ನೋಡುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಸಾಹೇಬರು ಇಂಜಿನ್ನಿಗೆ ಕಬ್ಬಿಣದ ಹ್ಯಾಂಡಲು ಸಿಕ್ಕಿಸಿ, ಇಡೀ ಮೈ ಹಾಕಿ ತಿರುಗಿಸಿದರು. ಅದು ಒಮ್ಮೆ ಕೆಮ್ಮಿ ಹ್ಯಾಂಡಲನ್ನು ರಪ್ಪನೆ ಹಿಂದಕ್ಕೆ ಒದೆಯಿತು. ಅವರು ಥಟ್ಟನೆ ಕೈ ಬಿಟ್ಟು ನಕ್ಕರು. "ಹುಷಾರಾಗಿರಬೇಕು ಅಷ್ಟೆ. ಕೈ ಬಿಡದಿದ್ರೆ ಮೂಳೆ ಮುರೀತದೆ. ಬನ್ನಿ, ನೀವೇ ಒಂದ್ಸಲ ತಿರುಗಿಸಿ ನೋಡಿ."

ನಿಮ್ಮ ತಾತ ಅಲ್ಲಾಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬಲಗೈಗೆ ಸುತ್ತಿಕೊಂಡರು, ಮತ್ತೆ ಬಿಚ್ಚಿದರು. ಗಿರಾಕಿಗಳೆಲ್ಲ ನೋಡುತ್ತಿದ್ದರು. ನಿಮ್ಮ ತಾತನ ಕಿವಿ ಕೆಂಪಗಾಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ತಿರುಗಿಸಿದರೆ ಇದ್ದ ತೋಳೂ ಹೋಗುತ್ತದೆ. ಆಗುವುದಿಲ್ಲ ಎಂದರೆ ಆ ಮಾತು ಆ ಗಿರಾಕಿಗಳ ಜೊತೆ ಮೈಸೂರು ರಸ್ತೆಯುದ್ದಕ್ಕೂ ಹೋಗುತ್ತದೆ. ನಿಮ್ಮ ತಾತ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟರು.

"ನಾನು ತಿರುಗಿಸಿ ನೋಡ್ಲಾ?"

ಆ ಮಾತು ಆಡಿದ್ದು ನಾನೇ ಎಂದು ನನಗೆ ತಿಳಿದದ್ದು ಎಲ್ಲರೂ ನನ್ನತ್ತ ತಿರುಗಿದ ಮೇಲೆ.

ಗಿರಾಕಿಯೊಬ್ಬ, "ಅಮ್ಮಾ, ಅದು ರುಬ್ಬೋ ಗುಂಡಲ್ಲ" ಎಂದ. ಎಲ್ಲರೂ ನಕ್ಕರು. ನೆಲ ಬಿರಿದು ನುಂಗಿಬಿಡಬಾರದೇ ಅನ್ನಿಸಿತು. ಆದರೂ ಕುಂಕುಮದ ಪೊಟ್ಟಣ ಮುದುರಿ ಹಿಡಿದು, ನೆಲ ನೋಡುತ್ತಾ ಹೇಳಿದೆ, "ಇವರು ಸಾಮಾನು ತರಕ್ಕೆ ಊರೊಳಗೆ ಬಂದಾಗ ಅಂಗಡೀಲಿ ನಾನೇ ಇರ್ತೀನಿ. ನನ್ನ ಕೈಲಿ ಆಗದೇ ಇರೋದು ನಮಗೆ ಬೇಡ."

ಶುದ್ಧ ಸುಳ್ಳು. ಗುಡಿಸುವುದಕ್ಕೆ ಬಿಟ್ಟರೆ ನಾನು ಆ ಶೆಡ್ಡಿಗೆ ಕಾಲಿಟ್ಟವಳಲ್ಲ.

ಸಾಹೇಬರು ನಗಲಿಲ್ಲ. ನನ್ನನ್ನು ನೋಡಿದರು, ನಿಮ್ಮ ತಾತನನ್ನು ನೋಡಿದರು. ಆಮೇಲೆ ಒಳಗೆ ಕರೆದು ಹಗ್ಗ ಸುತ್ತಿ ಎಳೆಯುವ ಸಣ್ಣ ಇಂಜಿನ್ನಿನ ಕಂಪ್ರೆಸರ್ ತೋರಿಸಿದರು. "ಇದು ಒದೆಯಲ್ಲಮ್ಮ. ಎಳೀರಿ, ಆದರೆ ಹಗ್ಗಾನ ಕೈಗೆ ಸುತ್ತಿಕೊಳ್ಳಬೇಡಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದೆ, ಮುಗ್ಗರಿಸಿದೆ. ಮೂರನೇ ಸಲ ಬಾವಿಯ ಹಗ್ಗ ಎಂದುಕೊಂಡು ಎಳೆದೆ. ಇಂಜಿನ್ ಟಪಟಪ ಎಂದಿತು. ರುಬ್ಬೋ ಗುಂಡಲ್ಲ ಎಂದವನೇ "ಭಲೆ!" ಎಂದ.

ನಿಮ್ಮ ತಾತ ಮಾತ್ರ, "ಇದು ಸೈಕಲ್ಲಿಗೆ ಸರಿ. ಲಾರಿಗೆ ಎಲ್ಲಿ ಸಾಕಾಗುತ್ತೆ?" ಎಂದು ದೊಡ್ಡದರ ಕಡೆಗೇ ನೋಡಿದರು. ಒಮ್ಮೆ ಬಾಯಿ ಬಿಟ್ಟಾಗಿತ್ತಲ್ಲ, ಇನ್ನೊಂದು ಮಾತೂ ಬಂದುಬಿಟ್ಟಿತು. "ನಾವು ಸಣ್ಣ ಬಿಂದಿಗೇಲೇ ಅಲ್ವಾ ನೀರು ಸೇದೋದು? ಬೆಳಿಗ್ಗೆನೇ ಹಂಡೆ ತುಂಬಿಟ್ರೆ ಆಮೇಲೆ ಎಷ್ಟು ಜನ ಬಂದ್ರೂ ಸ್ನಾನಕ್ಕೆ ಆಗುತ್ತೆ. ಗಾಳೀನೂ ಹಾಗೆ ತುಂಬಿಡಕ್ಕೆ ಆಗಲ್ವಾ?"

ಸಾಹೇಬರು ತಲೆ ಕೆರೆದುಕೊಂಡರು. "ಆಗ್ತದೆ ಸ್ವಾಮಿ! ಈ ಸಣ್ಣ ಇಂಜಿನ್ನಿಗೆ ಆ ದೊಡ್ಡದರ ಗಾಳಿ ಟ್ಯಾಂಕು ಕೂಡಿಸಿಕೊಡ್ತೀನಿ. ತುಂಬಕ್ಕೆ ಹೊತ್ತಾಗ್ತದೆ. ತುಂಬಿದ ಮೇಲೆ ಲಾರಿನೂ ಬರಲಿ, ಬಸ್ಸೂ ಬರಲಿ."

ಅಲ್ಲೇ ಇಂಜಿನ್ನಿಗೆ ಕುಂಕುಮವಿಟ್ಟೆ. ಬಸ್ಸಿನಲ್ಲಿ ನಿಮ್ಮ ತಾತ ಕಿಟಕಿಯ ಹೊರಗೇ ನೋಡುತ್ತಾ ಕೂತರು. ನಾಲ್ಕು ಜನರ ಮುಂದೆ ಗಂಡನನ್ನು ದಾಟಿ ಮಾತಾಡಿದೆನಲ್ಲ, ಮನೆಗೆ ಹೋದ ಮೇಲೆ ಏನು ಕಾದಿದೆಯೋ ಎಂದು ನನಗೆ ಹೆದರಿಕೆ. ಬಸ್ಸಿಳಿದು ಬೇಲಿ ಪಕ್ಕ ನಡೆಯುವಾಗ ಅವರು ನಿಂತರು.

"ನಾನು ಊರೊಳಗೆ ಹೋದಾಗ ಅಂಗಡೀಲಿ ನೀನೇ ಇರ್ತೀಯಾ?"

ನಾನು ತಲೆ ತಗ್ಗಿಸಿದೆ.

"ಹಂಗಾದ್ರೆ ಇರು ಮತ್ತೆ" ಎಂದರು. ತಲೆಯೆತ್ತಿ ನೋಡಿದರೆ ನಗುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

ಗಾಡಿಯಲ್ಲಿ ಕಂಪ್ರೆಸರ್ ಬಂದಾಗ ಅವರು ಅದನ್ನು ಶೆಡ್ಡಿನಲ್ಲಿ ಇಡಲಿಲ್ಲ. ಹಿತ್ತಲಲ್ಲಿ, ಅಡುಗೆಮನೆ ಬಾಗಿಲ ಹೊರಗೆ ಕಲ್ಲು ಹಾಸಿ, ತಗಡು ಹೊದಿಸಿ ಕೂರಿಸಿದರು. ಗೋಡೆಗೆ ತೂತು ಕೊರೆದು ಗಾಳಿಯ ಪೈಪನ್ನು ಮುಂದಕ್ಕೆ ಬಿಟ್ಟರು. ಹೊಗೆ ಹಿತ್ತಲಲ್ಲೇ ಹೋಗಲಿ ಅಂತ ಅತ್ತೆಗೆ ಹೇಳಿದರು. ನಾನು ರಸ್ತೆಯ ಕಣ್ಣಿಗೆ ಬೀಳಬಾರದು ಎಂದೂ ಇತ್ತು, ಅದು ನನಗೆ ಗೊತ್ತಿತ್ತು.

ಅಂದಿನಿಂದ ಪ್ರತಿ ಬೆಳಿಗ್ಗೆ ಅವರು ಎಡಗೈಯಲ್ಲಿ ಇಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ತುದಿಯನ್ನು ನನಗೆ ಕೊಡುತ್ತಿದ್ದರು, ನಾನು ಎಳೆಯುತ್ತಿದ್ದೆ. "ಒಲೆ ಹಚ್ಚೋಕೆ ಮುಂಚೆ ಇಂಜಿನ್ ಹಚ್ಚೋ ಸೊಸೆ ನಂಗೆ ಸಿಕ್ಕವಳೆ" ಎಂದು ಅತ್ತೆ ಒಳಗಿನಿಂದ ಗೊಣಗುತ್ತಿದ್ದರು. ಮಗನಿಗೆ ಸೋಮಾರಿತನ ಎಂದೇ ಅವರು ಕೊನೆಯವರೆಗೂ ತಿಳಿದಿದ್ದರು.

ಎಷ್ಟೋ ವರ್ಷಗಳ ಮೇಲೆ ನಮ್ಮಲ್ಲಿಗೂ ಕರೆಂಟು ಬಂತು, ಮೋಟಾರು ಬಂತು. ಹಗ್ಗವನ್ನು ಮೊಳೆಗೆ ನೇತುಹಾಕಿದ ದಿನ ನನಗೆ ಅಳು ಬಂದಿತ್ತು. ಇನ್ನು ನನ್ನ ಕೆಲಸವಿಲ್ಲ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಕೂಗು ಬಂತು. "ಬಾರೇ, ಸ್ವಿಚ್ ಹಾಕು." ಒಂದು ಬೆರಳಿನ ಕೆಲಸ. ಅದಕ್ಕೂ ಅವರು ನನ್ನನ್ನೇ ಕರೆದರು, ಹಾಸಿಗೆ ಹಿಡಿಯುವವರೆಗೂ ಕರೆದರು.

ಈಗ ನಾವು ಚಂದ್ರಾ ಲೇಔಟಿನಲ್ಲಿದ್ದೇವೆ. ಮೂಲೆಯ ಅಂಗಡಿಯಲ್ಲಿ ಬೆಳಿಗ್ಗೆ ಕಂಪ್ರೆಸರ್ ಶುರುವಾದರೆ, ಕೈಯಲ್ಲಿರುವ ಕಾಫಿ ಲೋಟ ಕೆಳಗಿಟ್ಟು ಕೂರುತ್ತೇನೆ. ಯಾಕೆ ಅಜ್ಜಿ ಎಂದು ನೀವು ಕೇಳುತ್ತೀರಿ. ಆ ಸದ್ದಿನ ಜೊತೆ ಬಾರೇ ಎನ್ನುವ ಒಂದು ಕೂಗು ಬರಬಹುದೇನೋ ಎಂದು ಇಷ್ಟು ವರ್ಷವಾದರೂ ಕಾಯುತ್ತೇನೆ, ಮಕ್ಕಳೇ.

ಯಾರಿಗೂ ಹೇಳಬೇಡ ಎಂದಿದ್ದರು. ಹೇಳಿಲ್ಲ, ನಿಮ್ಮ ಅಪ್ಪನಿಗೂ ಹೇಳಿಲ್ಲ. ಇನ್ನು ಯಾವ ಲಾರಿಯೂ ನಿಲ್ಲಬೇಕಾಗಿಲ್ಲ, ಅದಕ್ಕೆ ನಿಮಗೆ ಹೇಳಿದ್ದೇನೆ. ಅವರ ಬಲಗೈಯ ವಿಷಯ ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಜೋಪಾನವಾಗಿಡಿ.